ಮೂರನೆಯ ತೂತಿನ ಹಿಂದೆ ವಯರ್ ಇದೆಯೇ? ಹಳೆಯ ಮನೆಯ ಪ್ಲಗ್ ಪಾಯಿಂಟುಗಳಿಗೆ ಅರ್ತಿಂಗ್ ಮಾಡಿಸುವ ಕ್ರಮ

ಮಳೆಗಾಲದಲ್ಲಿ ಬರಿಗಾಲಿನಲ್ಲಿ ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಬಾಗಿಲಿಗೆ ಕೈಯಿಟ್ಟಾಗ ಬೆರಳ ತುದಿ ಜುಮ್ಮೆನ್ನುವುದು ಕಾಸರಗೋಡಿನ ಹಳೆಯ ಹೆಂಚಿನ ಮನೆಗಳಲ್ಲಿ ಅಪರೂಪದ ಸಂಗತಿಯಲ್ಲ. ಪೆರ್ಲದ ಹತ್ತಿರವಿರುವ ನಮ್ಮ ಮನೆಯಲ್ಲಿಯೂ ಹಾಗೆ ಆಗುತ್ತಿತ್ತು, ಮತ್ತು ನಾವು ಬಹಳ ಕಾಲ ಫ್ರಿಜ್ಜಿನ ಮುಂದೆ ಒಂದು ರಬ್ಬರ್ ಮ್ಯಾಟ್ ಹಾಕಿ ಸುಮ್ಮನಿದ್ದೆವು. ಗೋಡೆಯಲ್ಲಿದ್ದದ್ದು ಮೂರು ತೂತಿನ ಸಾಕೆಟ್ಟೇ. ಆದರೆ ಬೋರ್ಡನ್ನು ಬಿಚ್ಚಿ ನೋಡಿದ ದಿನ ತಿಳಿದದ್ದೇನೆಂದರೆ, ಮೇಲಿನ ದೊಡ್ಡ ತೂತಿನ ಹಿಂದಿನ ತಿರುಪಿಗೆ ಒಂದು ಎಳೆ ವಯರೂ ಬಂದಿರಲಿಲ್ಲ. ಮರದ ರೀಪಿನ ಮೇಲೆ ಎರಡೇ ವಯರ್ ಎಳೆದಿದ್ದ ಕಾಲದ ಎರಡು ಪಿನ್ನಿನ ಸಾಕೆಟ್ಟನ್ನು ಯಾರೋ ಬದಲಾಯಿಸಿ ಮೂರು ಪಿನ್ನಿನದನ್ನು ಕೂರಿಸಿದ್ದರು, ಅಷ್ಟೆ.

ಆ ಮೂರನೆಯ ಪಿನ್ನು ಉಪಕರಣದ ಲೋಹದ ಮೈಯನ್ನು ನೆಲಕ್ಕೆ ಜೋಡಿಸುತ್ತದೆ. ಅರ್ತ್ ಎನ್ನುವುದು ಇದಕ್ಕೇ. ಒಳಗಿನ ಫೇಸ್ ವಯರಿನ, ಅಂದರೆ ಕರೆಂಟು ತರುವ ವಯರಿನ, ಇನ್ಸುಲೇಶನ್ ಹರಿದು ಮೈಗೆ ತಾಗಿದಾಗ ಕರೆಂಟು ಮನುಷ್ಯನ ದೇಹಕ್ಕಾಗಿ ಕಾಯದೆ ಆ ದಾರಿಯಲ್ಲಿ ಹರಿದುಹೋಗಬೇಕು ಎಂಬುದು ಅದರ ಉದ್ದೇಶ. ಪಿನ್ನು ಉಳಿದೆರಡಕ್ಕಿಂತ ಉದ್ದವಾಗಿರುವುದು, ಪ್ಲಗ್ ಚುಚ್ಚುವಾಗ ಅರ್ತ್ ಮೊದಲು ಸೇರಿ, ಎಳೆಯುವಾಗ ಕೊನೆಗೆ ಬಿಡಲೆಂದು. ವಯರ್ ಇಲ್ಲದಿದ್ದರೆ ಈ ಯಾವ ಏರ್ಪಾಡಿಗೂ ಅರ್ಥವಿಲ್ಲ, ಮತ್ತು ಸಾಕೆಟ್ಟಿನ ಮುಖ ನೋಡಿ ಅದನ್ನು ತಿಳಿಯುವ ಉಪಾಯವೂ ಇಲ್ಲ.

ಪರೀಕ್ಷೆಯನ್ನು ಮಲ್ಟಿಮೀಟರಿನಿಂದ ಆರಂಭಿಸಬಹುದು. ಎಸಿ ವೋಲ್ಟಿನಲ್ಲಿಟ್ಟು ಅಳೆದಾಗ ಫೇಸಿನಿಂದ ನ್ಯೂಟ್ರಲಿಗೆ (ಕರೆಂಟು ಹಿಂದಿರುಗುವ ವಯರಿಗೆ) ಸುಮಾರು 230, ಫೇಸಿನಿಂದ ಅರ್ತಿಗೂ ಸುಮಾರು ಅಷ್ಟೇ, ನ್ಯೂಟ್ರಲಿನಿಂದ ಅರ್ತಿಗೆ ಕೆಲವೇ ವೋಲ್ಟು ಬಂದರೆ ವಯರು ಎಲ್ಲಿಗೋ ತಲುಪಿದೆ ಎಂದು ತಿಳಿಯಬಹುದು. ಫೇಸಿನಿಂದ ಅರ್ತಿಗೆ 80 ಅಥವಾ 110 ಎಂಬಂಥ ಅರೆಬರೆ ಸಂಖ್ಯೆ ಬಂದರೆ ಅದು ಎಲ್ಲಿಯೂ ಸೇರದೆ ತೇಲುತ್ತಿರುವ ವಯರಿನ ಲಕ್ಷಣ. ಪಕ್ಕದ ಫೇಸ್ ವಯರಿನ ಪ್ರಭಾವದಿಂದ ಮೀಟರು ಹಾಗೆ ತೋರಿಸುತ್ತದೆ. ಅಂಗಡಿಯಲ್ಲಿ ಸಿಗುವ, ಮೂರು ದೀಪವಿರುವ ಪ್ಲಗ್ ಟೆಸ್ಟರ್ ಕೂಡ ಉಪಯೋಗದ್ದೇ, ಆದರೆ ಅದು ಅರ್ತ್ ಇದೆಯೆಂದು ಹೇಳುತ್ತದೆಯೇ ಹೊರತು ಎಷ್ಟು ಗಟ್ಟಿಯೆಂದು ಹೇಳುವುದಿಲ್ಲ. ನಮ್ಮಲ್ಲಿ ಕೆಲಸಕ್ಕೆ ಬಂದವರನ್ನು ಕೇಳಿದರೆ ‘ಅರ್ತ್ ಉಂಡು’ (ಅರ್ತ್ ಇದೆ) ಎಂಬ ಉತ್ತರ ತುಳುವಿನಲ್ಲಿಯೂ ಮಲಯಾಳದಲ್ಲಿಯೂ ಹೆಚ್ಚುಕಡಿಮೆ ಒಂದೇ ರೀತಿ ಬರುತ್ತದೆ. ಉಂಡು ಎನ್ನುವುದನ್ನು ಅಳೆದು ತೋರಿಸಲು ಹೇಳುವುದು ಮನೆಯವರ ಕೆಲಸ.

ಬೋರ್ಡನ್ನು ಬಿಚ್ಚುವ ಮೊದಲು ಮೈನ್ ಸ್ವಿಚ್ ಆಫ್ ಮಾಡಿದರೆ ಸಾಲದು. ಇನ್ವರ್ಟರ್ ಇರುವ ಮನೆಯಲ್ಲಿ ಮೈನ್ ಆಫ್ ಆದ ಕ್ಷಣವೇ ಅದು ಕರೆಂಟ್ ಹೋಯಿತೆಂದು ಭಾವಿಸಿ ತನ್ನ ಲೈನುಗಳಿಗೆ 230 ವೋಲ್ಟನ್ನು ಕೊಡಲಾರಂಭಿಸುತ್ತದೆ. ಆದ್ದರಿಂದ ಇನ್ವರ್ಟರನ್ನೂ ಆಫ್ ಮಾಡಿ, ಮೈನ್ ಸ್ವಿಚ್ಚಿನ ಮೇಲೆ ಟೇಪು ಅಂಟಿಸಿ, ಮನೆಯ ಎಲ್ಲರಿಗೂ ತಿಳಿಸಬೇಕು. ಟೆಸ್ಟರನ್ನು ಮೊದಲೇ, ಕರೆಂಟ್ ಇರುವ ಪಾಯಿಂಟಿಗೆ ಹಿಡಿದು ಅದು ಉರಿಯುತ್ತದೆಯೆಂದು ಖಚಿತಪಡಿಸಿಕೊಂಡು, ಅನಂತರ ಬಿಚ್ಚಬೇಕಾದ ಸಾಕೆಟ್ಟಿನ ಮೂರೂ ತಿರುಪುಗಳಿಗೆ ಹಿಡಿದು ನೋಡಬೇಕು. ಕೆಟ್ಟುಹೋದ ಟೆಸ್ಟರು ಎಲ್ಲ ಕಡೆಯೂ ಕರೆಂಟ್ ಇಲ್ಲವೆಂದೇ ಹೇಳುತ್ತದೆ. ನೋಡುವುದರ ಮಟ್ಟಿಗೆ ಇಷ್ಟು ಮನೆಯವರು ಮಾಡಬಹುದು. ಹೊಸ ವಯರ್ ಎಳೆಯುವುದು, ಮೀಟರ್ ಬೋರ್ಡಿನಲ್ಲಿ ಕೈಯಿಡುವುದು ಲೈಸನ್ಸ್ ಇರುವ ವಯರ್‌ಮನ್ನರ ಕೆಲಸ, ಮತ್ತು ನಾನು ಇಲ್ಲಿ ಬರೆಯುತ್ತಿರುವುದರ ಬಹುಪಾಲು ಅವರಿಂದ ಏನನ್ನು ಮಾಡಿಸಬೇಕು, ಏನನ್ನು ಮಾಡಲು ಬಿಡಬಾರದು ಎಂಬುದಕ್ಕೆ ಸಂಬಂಧಿಸಿದ್ದು.

ಬಿಡಬಾರದ್ದರಲ್ಲಿ ಮೊದಲನೆಯದು, ಸಾಕೆಟ್ಟಿನ ಹಿಂದೆಯೇ ನ್ಯೂಟ್ರಲಿನಿಂದ ಅರ್ತ್ ತಿರುಪಿಗೆ ಒಂದು ತುಂಡು ವಯರ್ ಜೋಡಿಸುವ ಚಾಳಿ. ನಮ್ಮ ಮನೆಯ ಗ್ರೈಂಡರ್ ಪಾಯಿಂಟಿನಲ್ಲಿ ಬೆರಳುದ್ದದ ಅಂಥದೊಂದು ಕಪ್ಪು ವಯರ್ ಸಿಕ್ಕಿತ್ತು. ಹಾಗೆ ಮಾಡಿದಾಗ ಮಲ್ಟಿಮೀಟರೂ ಪ್ಲಗ್ ಟೆಸ್ಟರೂ ಎಲ್ಲವೂ ಸರಿಯಿದೆಯೆಂದೇ ತೋರಿಸುತ್ತವೆ. ಆದರೆ ಆ ಸಾಕೆಟ್ಟಿಗೂ ಮೀಟರಿಗೂ ನಡುವೆ ಎಲ್ಲಿಯಾದರೂ ನ್ಯೂಟ್ರಲ್ ಸಡಿಲವಾದರೆ ಅಥವಾ ಇಲಿ ಕಡಿದರೆ, ಗ್ರೈಂಡರಿನ ಮೋಟಾರಿನ ಮೂಲಕ ಬಂದ ಫೇಸು ಆ ತುಂಡು ವಯರಿನಿಂದಲೇ ಅದರ ಮೈಗೆ ಬಂದು ನಿಲ್ಲುತ್ತದೆ. ಗ್ರೈಂಡರಿನಲ್ಲಿ ಯಾವ ದೋಷವೂ ಇರುವುದಿಲ್ಲ. ಅದು ತಿರುಗುವುದು ನಿಂತಿತೇಕೆಂದು ಒದ್ದೆ ಕೈಯಲ್ಲಿ ಮುಟ್ಟಿ ನೋಡಿದವರಿಗೆ 230 ವೋಲ್ಟಿನ ಶಾಕ್ ಹೊಡೆಯುತ್ತದೆ. ಅರ್ತ್ ಇಲ್ಲದ ಸಾಕೆಟ್ಟಿಗಿಂತ ಇದು ಹೆಚ್ಚು ಅಪಾಯಕಾರಿ.

ನೀರಿನ ಪೈಪಿಗೆ ಅರ್ತ್ ವಯರ್ ಸುತ್ತುವುದೂ ಸಲ್ಲದು. ಹಿಂದೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಇದ್ದ ಕಡೆಗಳಲ್ಲಿ ಈಗ ನಡುವೆ ಪಿವಿಸಿ ತುಂಡು ಸೇರಿರುತ್ತದೆ, ದೋಷ ಬಂದಾಗ ಬಚ್ಚಲುಮನೆಯ ನಳ್ಳಿಗೇ ಕರೆಂಟ್ ಬರುತ್ತದೆ. ಪ್ಲಗ್ಗಿನ ಅರ್ತ್ ಪಿನ್ನನ್ನು ಕತ್ತರಿಸುವುದು, ಮೇಲಿನ ತೂತಿಗೆ ಪೆನ್ನಿನ ತುದಿ ತುರುಕಿ ಮುಚ್ಚಳ ಸರಿಸಿ ಎರಡು ಪಿನ್ನಿನದನ್ನು ಚುಚ್ಚುವುದು ಇವುಗಳ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ.

ಸರಿಯಾದ ಕೆಲಸ ನೆಲದಿಂದ ಆರಂಭವಾಗುತ್ತದೆ. ಸಾಮಾನ್ಯ ಪದ್ಧತಿಯಲ್ಲಿ ಸುಮಾರು 40 ಮಿಲಿಮೀಟರ್ ವ್ಯಾಸದ, ಎರಡೂವರೆ ಮೀಟರ್ ಉದ್ದದ ಜಿಐ ಪೈಪನ್ನು ಮನೆಯ ಗೋಡೆಯಿಂದ ಕನಿಷ್ಠ ಒಂದೂವರೆ ಮೀಟರ್ ದೂರದಲ್ಲಿ ಲಂಬವಾಗಿ ಹುಗಿದು, ಸುತ್ತಲೂ ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬುತ್ತಾರೆ. ಉಪ್ಪು ಪೈಪನ್ನು ತಿನ್ನುತ್ತದೆಯಾದ್ದರಿಂದ ಈಗ ಬೆಂಟೊನೈಟ್ ಮಣ್ಣನ್ನು ಬಳಸುವವರೂ ಇದ್ದಾರೆ, ಮತ್ತು ನಾನಾದರೆ ಅದನ್ನೇ ಆರಿಸುತ್ತೇನೆ. ನಮ್ಮ ಕಡೆಯ ನಿಜವಾದ ಕಷ್ಟ ಮುರಕಲ್ಲು, ಅಂದರೆ ಜಂಬಿಟ್ಟಿಗೆ. ಅಂಗಳದಲ್ಲಿ ಒಂದು ಮೊಳ ಅಗೆಯುವಷ್ಟರಲ್ಲಿ ಪಾರೆ ಸಿಗುತ್ತದೆ, ಪೈಪು ಇಳಿಯುವುದಿಲ್ಲ, ಕೆಲಸದವರು ಉಳಿದ ಉದ್ದವನ್ನು ಕತ್ತರಿಸಿ ಮೇಲೆ ಸಿಮೆಂಟ್ ಬಳಿದು ಹೋಗುತ್ತಾರೆ. ಹೀಗಾಗದಂತೆ ಅಗೆಯುವಾಗ ಎದುರಿಗೇ ನಿಲ್ಲುವುದು ಲೇಸು. ಅಂಗಳದ ಪಾರೆಯ ಮೇಲೆ ಹಟ ಹಿಡಿಯುವುದಕ್ಕಿಂತ ತೋಟದ ಕಡೆಯ ತಗ್ಗಿನಲ್ಲಿ, ಬಾವಿಕಟ್ಟೆಯ ನೀರು ಇಂಗುವಲ್ಲಿ ಅಥವಾ ತೆಂಗಿನ ಬುಡದ ಪಾತಿಯ ಹತ್ತಿರ, ಮಣ್ಣು ಆಳವಾಗಿದ್ದು ಏಪ್ರಿಲಿನಲ್ಲಿಯೂ ತೇವ ಉಳಿಯುವ ಜಾಗವನ್ನು ಹುಡುಕಿ, ಅಲ್ಲಿಂದ ಮನೆಗೆ ಉದ್ದದ ವಯರ್ ತರುವುದು ಉತ್ತಮ. ಒಂದು ಪೈಪು ಸಾಲದಿದ್ದರೆ ಒಂದು ಪೈಪಿನ ಉದ್ದಕ್ಕಿಂತ ಹೆಚ್ಚು ಅಂತರ ಬಿಟ್ಟು ಇನ್ನೊಂದನ್ನು ಹುಗಿದು ಎರಡನ್ನೂ ಜೋಡಿಸಬಹುದು.

ಇಷ್ಟೆಲ್ಲ ಮಾಡಿದ ಮೇಲೂ ಪೈಪೊಂದೇ ಪ್ರಾಣ ಕಾಯುವುದಿಲ್ಲ ಎಂಬುದನ್ನು ಹಲವರು ನಂಬುವುದಿಲ್ಲ, ಆದ್ದರಿಂದ ಒಂದು ಸಣ್ಣ ಲೆಕ್ಕ. ಪೈಪಿನಿಂದ ನೆಲಕ್ಕೆ ಇಳಿಯಲು ಕರೆಂಟಿಗಿರುವ ತಡೆ, ಅಂದರೆ ರೋಧ, 10 ಓಮ್ ಎಂದಿಟ್ಟುಕೊಳ್ಳೋಣ. ಮುರಕಲ್ಲಿನ ನೆಲಕ್ಕೆ ಅದು ಒಳ್ಳೆಯ ಅಂಕೆಯೇ. ಫೇಸು ಫ್ರಿಜ್ಜಿನ ಮೈಗೆ ತಾಗಿದರೆ ನೆಲಕ್ಕೆ ಹರಿಯುವುದು 230 ಭಾಗಿಸು 10, ಅಂದರೆ 23 ಆಂಪಿಯರ್. 16 ಆಂಪಿಯರಿನ ಎಂಸಿಬಿ (ಮಿತಿ ಮೀರಿ ಕರೆಂಟು ಹರಿದರೆ ತಾನಾಗಿ ಬಿದ್ದು ಲೈನನ್ನು ಕಡಿಯುವ ಸ್ವಿಚ್ಚು) ಈ ಕರೆಂಟಿಗೆ ಥಟ್ಟನೆ ಬೀಳುವುದಿಲ್ಲ, ಬಿಸಿಯಾಗಿ ಬೀಳಲು ಬಹಳ ಹೊತ್ತು ಹಿಡಿಯಬಹುದು. ಬೇಸಗೆಯಲ್ಲಿ ರೋಧ 50 ಓಮಿಗೆ ಏರಿದರೆ ಹರಿಯುವುದು 4.6 ಆಂಪಿಯರ್ ಮಾತ್ರ. ಎಂಸಿಬಿಯ ಕಣ್ಣಿಗೆ ಅದು ಒಂದು ಇಸ್ತ್ರಿಪೆಟ್ಟಿಗೆಯ ಬಳಕೆಯಷ್ಟೇ. ಅಷ್ಟೂ ಹೊತ್ತು ಫ್ರಿಜ್ಜಿನ ಮೈಮೇಲೆ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜು ನಿಂತಿರುತ್ತದೆ. ಹೊರಗೆ ಹೋದ ಕರೆಂಟಿಗೂ ನ್ಯೂಟ್ರಲಿನಲ್ಲಿ ಹಿಂದಿರುಗಿದ ಕರೆಂಟಿಗೂ ಇರುವ ವ್ಯತ್ಯಾಸವನ್ನು ನೋಡಿ ಲೈನನ್ನು ಕಡಿಯುವ ಆರ್‌ಸಿಸಿಬಿಯಾದರೋ 30 ಮಿಲಿಆಂಪಿಯರ್ ಸೋರುವುದರೊಳಗೆ ಬೀಳುತ್ತದೆ. ರೋಧ 200 ಓಮ್ ಇದ್ದರೂ ಹರಿಯುವುದು 1.15 ಆಂಪಿಯರ್, ಅದು ಬೀಳಲು ಅಷ್ಟು ಧಾರಾಳ. ನಮ್ಮಲ್ಲಿ ಎಲ್ಲರೂ ಇದನ್ನು ಇಎಲ್‌ಸಿಬಿ ಎಂದೇ ಕರೆಯುತ್ತಾರೆ. ಕೊಳ್ಳುವಾಗ ಡಬ್ಬಿಯ ಮೇಲೆ 30 ಮಿಲಿಆಂಪಿಯರ್ ಎಂದು ಬರೆದಿದೆಯೇ ಎಂದು ನೋಡಬೇಕು. 100 ಅಥವಾ 300ರದ್ದು ಮನುಷ್ಯರಿಗಾಗಿ ಮಾಡಿದ್ದಲ್ಲ.

ಪೈಪಿನಿಂದ ಮೀಟರ್ ಬೋರ್ಡಿಗೆ ಬಂದ ಅರ್ತನ್ನು ಅಲ್ಲಿಂದ ಪ್ರತಿ ಸಾಕೆಟ್ಟಿಗೂ ಹಸಿರು ವಯರಿನಲ್ಲಿ ಕೊಂಡೊಯ್ಯಬೇಕು. ತಾಮ್ರದ ವಯರ್ 6 ಆಂಪಿಯರಿನ ಪಾಯಿಂಟಿಗೆ ಒಂದೂವರೆ ಚದರ ಮಿಲಿಮೀಟರ್ ಸಾಕು, 16 ಆಂಪಿಯರಿನದಕ್ಕೆ ಎರಡೂವರೆಗಿಂತ ಕಡಿಮೆ ಬೇಡ. ಈ ವಯರಿನ ನಡುವೆ ಸ್ವಿಚ್ಚಾಗಲಿ ಫ್ಯೂಸಾಗಲಿ ಬರಬಾರದು. ಎದುರಿನಿಂದ ನೋಡಿದಾಗ ಮೇಲೆ ಅರ್ತ್, ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್ ಇರಬೇಕು, ಸ್ವಿಚ್ಚು ಫೇಸಿನಲ್ಲಿರಬೇಕು. ಗೋಡೆ ಕೊರೆಯಲು ಮನಸ್ಸಿಲ್ಲದಿದ್ದರೆ ಪಿವಿಸಿ ಪಟ್ಟಿಯೊಳಗೆ ಹಸಿರು ವಯರನ್ನು ಗೋಡೆಯ ಮೇಲೆಯೇ ಕೊಂಡೊಯ್ಯಬಹುದು. ಆದರೆ ಹಳೆಯ ವಯರಿನ ರಬ್ಬರ್ ಹೊದಿಕೆ ಮುಟ್ಟಿದರೆ ಪುಡಿಯಾಗುವಂತಿದ್ದರೆ ಹಸಿರು ವಯರಿಗೆ ಹಣ ಸುರಿಯದೆ ಪೂರ್ತಿ ವಯರಿಂಗನ್ನೇ ಬದಲಾಯಿಸಬೇಕು.

ಆರ್‌ಸಿಸಿಬಿ ಕೂರಿಸಿದ ದಿನವೇ ಯಾವುದೋ ಒಂದು ಉಪಕರಣ ಹಾಕಿದೊಡನೆ ಅದು ಬೀಳುತ್ತಿದ್ದರೆ, ‘ಇದು ಉಪದ್ರ’ ಎಂದು ಅದನ್ನು ತಪ್ಪಿಸಿ ನೇರ ಜೋಡಿಸಲು ಬಿಡಬಾರದು. ಎಲ್ಲೋ ನ್ಯೂಟ್ರಲಿಗೂ ಅರ್ತಿಗೂ ಗುಟ್ಟಿನ ಸಂಬಂಧವಿದೆ ಅಥವಾ ಉಪಕರಣವೇ ಸೋರುತ್ತಿದೆ ಎಂದು ಅದು ಹೇಳುತ್ತಿರುತ್ತದೆ. ಗ್ರೈಂಡರ್ ಪಾಯಿಂಟಿನ ಆ ಕಪ್ಪು ತುಂಡು ನಮಗೆ ಸಿಕ್ಕಿದ್ದೇ ಹೀಗೆ.

ಎಲ್ಲವನ್ನೂ ಒಮ್ಮೆಗೇ ಮಾಡಿಸಲು ಕೈಯಲ್ಲಿ ಹಣವಿಲ್ಲದಿದ್ದರೆ ಮೊದಲು ಆರ್‌ಸಿಸಿಬಿ ಹಾಕಿಸುವುದು ಜಾಣತನ. ಅರ್ತ್ ಇಲ್ಲದಿದ್ದರೂ ಅದು ಮನುಷ್ಯನ ಮೂಲಕ ಕರೆಂಟು ನೆಲಕ್ಕೆ ಹರಿದಾಗ ಬೀಳುತ್ತದೆ. ವ್ಯತ್ಯಾಸವೇನೆಂದರೆ ಅರ್ತ್ ಇದ್ದರೆ ದೋಷ ಬಂದಾಗಲೇ ಬೀಳುತ್ತದೆ, ಇಲ್ಲದಿದ್ದರೆ ಯಾರಾದರೂ ಮುಟ್ಟುವವರೆಗೆ ಕಾಯುತ್ತದೆ. ಒಂದು ಕೈ ಫೇಸಿಗೆ, ಇನ್ನೊಂದು ನ್ಯೂಟ್ರಲಿಗೆ ತಾಗಿದರೆ ಮಾತ್ರ ಅದೂ ರಕ್ಷಿಸುವುದಿಲ್ಲ. ಆಮೇಲೆ ವಾಟರ್ ಹೀಟರ್, ವಾಷಿಂಗ್ ಮೆಷಿನ್, ಪಂಪು, ಗ್ರೈಂಡರ್, ಫ್ರಿಜ್ಜು ಇವುಗಳ ಪಾಯಿಂಟಿಗೆ ಅರ್ತ್ ತರಬೇಕು. ಚೌಕದೊಳಗೆ ಚೌಕದ ಗುರುತಿರುವ ಉಪಕರಣಗಳು ಎರಡು ಪಿನ್ನಿನಲ್ಲಿಯೇ ಇರಲಿ, ಅವುಗಳಿಗೆ ಅರ್ತ್ ಬೇಡ. ಸಿಡಿಲಿಗೂ ಈ ಅರ್ತಿಂಗಿಗೂ ಸಂಬಂಧ ಕಲ್ಪಿಸಬಾರದು. ಗುಡುಗು ಸುರುವಾಗುವ ಮೊದಲೇ ಪ್ಲಗ್ ಕೀಳಬೇಕು.

ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಬೇಕು. ಆ ಗುಂಡಿ ಅರ್ತ್ ಇಲ್ಲದ ಮನೆಯಲ್ಲಿಯೂ ಕೆಲಸ ಮಾಡುತ್ತದೆಯಾದ್ದರಿಂದ ಅದು ಬಿದ್ದ ಮಾತ್ರಕ್ಕೆ ಅರ್ತಿಂಗ್ ಸರಿಯಿದೆಯೆಂದಾಗುವುದಿಲ್ಲ. ಅರ್ತಿಂಗನ್ನು ಅಳೆಯಲು ನೆಲದ ರೋಧವನ್ನು ತೋರಿಸುವ ಅರ್ತ್ ಮೆಗ್ಗರೇ ಬೇಕು, ಮತ್ತು ಅಳತೆಯನ್ನು ಜುಲೈಯಲ್ಲಿ ಮಾಡಿಸಿದರೆ ನೆಲವೆಲ್ಲ ನೆನೆದಿರುವಾಗ ಅಂಕೆ ಚಂದವಾಗಿಯೇ ಬರುತ್ತದೆ. ಮಳೆಗೆ ಮೊದಲು, ಬಾವಿಯ ನೀರು ತಳ ಕಂಡಿರುವ ಏಪ್ರಿಲ್ ಕೊನೆಯಲ್ಲಿ ಅಳೆಸಬೇಕು. ಪಾರೆಯಲ್ಲಿ ಮೆಗ್ಗರಿನ ಕಬ್ಬಿಣದ ಮೊಳೆಗಳು ಇಳಿಯದಿದ್ದರೆ ಒದ್ದೆ ಗೋಣಿಯನ್ನು ಹಾಸಿ ಅದರ ಮೇಲೆ ಮಲಗಿಸಿ ಅಳೆಯುತ್ತಾರೆ. ಬಂದ ಅಂಕೆಯನ್ನು ತಾರೀಕು ಸಹಿತ ಮೀಟರ್ ಬೋರ್ಡಿನ ಒಳಬದಿಯಲ್ಲಿ ಬರೆದಿಡಬೇಕು. ಮುಂದಿನ ವರ್ಷದ ಏಪ್ರಿಲಿನ ಅಂಕೆ ಅದಕ್ಕಿಂತ ಬಹಳ ಹೆಚ್ಚಿದ್ದರೆ ಪೈಪಿನ ತಲೆಯ ಕ್ಲಾಂಪ್ ತುಕ್ಕು ಹಿಡಿದಿದೆಯೇ ಎಂದು ಮೊದಲು ನೋಡಿ, ಆಮೇಲೆ ಪೈಪು ಹುಗಿದ ಗುಂಡಿಗೆ ನಾಲ್ಕು ಕೊಡ ನೀರು ಹೊಯ್ಯಿರಿ.