ಬಾವಿಕಟ್ಟೆಯ ಗೀಜಗಗಳ ಲೆಕ್ಕ ಇಡುವುದು ಹೇಗೆ

ಬ್ರಹ್ಮಾವರದ ಹತ್ತಿರ ನಮ್ಮ ಮನೆ. ಬಾವಿಯ ಮೇಲೆ ಬಾಗಿದ ತೆಂಗಿನಮರ ಇದೆ. ಮಳೆಗಾಲ ಬಂತೆಂದರೆ ಅದರ ಗರಿಗಳಲ್ಲಿ ಗೀಜಗನ ಗೂಡುಗಳು ತೂಗುತ್ತವೆ. ಎದುರಿನ ಬೈಲುಗದ್ದೆ ಬೇಸಾಯವಿಲ್ಲದೆ ಹಡಿಲು ಬಿದ್ದ ಮೇಲೆ ಗೂಡು ಕಡಿಮೆಯಾದ ಹಾಗೆ ಕಂಡಿತು. ಎಷ್ಟು ಕಡಿಮೆ? ಬರೆದಿಟ್ಟವರು ಯಾರೂ ಇಲ್ಲ. ಆ ಬೇಜಾರಿಗೇ ನೋಟ್‌ಬುಕ್ ಹಿಡಿದೆ. ನಿಮ್ಮಲ್ಲೂ ಗೀಜಗ ಇದ್ದರೆ ಜೂನ್‌ನಿಂದಲೇ ಶುರು ಮಾಡಿ.

ನಿಲ್ಲುವ ಜಾಗ, ಹೊತ್ತು ಎರಡೂ ಬದಲಾಗಬಾರದು. ನಾನು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಿಲ್ಲುತ್ತೇನೆ. ಭಾನುವಾರ ಬೆಳಿಗ್ಗೆ 7 ಗಂಟೆಗೆ, 15 ನಿಮಿಷ. ಹಕ್ಕಿ ಕಾಣದ ದಿನ ಸೊನ್ನೆ ಬರೆಯಿರಿ, ಖಾಲಿ ಬಿಡಬೇಡಿ.

ಗೂಡುಗಳನ್ನು ಮಾತ್ರ ಎರಡು ಥರ ಎಣಿಸಬೇಕು. ಗಂಡು ಮೊದಲು ಅರ್ಧ ಗೂಡು ನೇಯುತ್ತದೆ, ಟೊಪ್ಪಿ ತೂಗುಹಾಕಿದ ಹಾಗೆ. ಹೆಣ್ಣು ಬಂದು ನೋಡಿ ಒಪ್ಪಿದರೆ ಆಮೇಲೆ ಕೆಳಗೆ ಉದ್ದ ಕೊಳವೆ ಇಳಿಯುತ್ತದೆ. ಟೊಪ್ಪಿ ಎಷ್ಟು, ಕೊಳವೆ ಎಷ್ಟು, ಬೇರೆ ಬೇರೆ ಬರೆಯಿರಿ. ಅರ್ಧಕ್ಕೆ ಬಿಟ್ಟ ಗೂಡು ಯಾವ ವರ್ಷವೂ ಕೆಲವು ಇರುತ್ತವೆ, ಗಾಬರಿ ಬೇಡ. ಮೂರ್ನಾಲ್ಕು ವರ್ಷದ ಲೆಕ್ಕ ಪಕ್ಕಪಕ್ಕ ಇಟ್ಟಾಗ ವ್ಯತ್ಯಾಸ ಗೊತ್ತಾಗುತ್ತದೆ. ಗೂಡು ಮರದ ಯಾವ ಬದಿಗಿದೆ ಅಂತಲೂ ನೋಡಿ. ಮಳೆಗಾಳಿಗೆ ಮರೆಯಾಗುವ ಹಾಗೆ ಸಾಮಾನ್ಯವಾಗಿ ಪೂರ್ವಕ್ಕೆ ಕಟ್ಟುತ್ತವೆ.

ಬಿದ್ದ ಗೂಡು ಸಿಕ್ಕಿದರೆ, ಮೊಟ್ಟೆ ಮರಿ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಬಿಡಿಸಿ. ಕಳೆದ ಆಗಸ್ಟ್‌ನಲ್ಲಿ ಸಿಕ್ಕಿದ್ದನ್ನು ಚಾವಡಿಯಲ್ಲಿ ಪೇಪರ್ ಹಾಸಿ ಎಳೆ ಎಳೆಯಾಗಿ ಬಿಡಿಸಿದೆ. ಒಳಗೋಡೆಗೆ ಕೆಸರಿನ ಉಂಡೆ ಮೆತ್ತಿತ್ತು, ಒಣಗಿ ಕಲ್ಲಾಗಿತ್ತು. ಎಳೆಗಳೆಲ್ಲ ತೆಂಗಿನ ಗರಿಯವು, ಬಿರುಸು. ಭತ್ತದ ಎಲೆ ಹುಡುಕಿದರೂ ಏಳೆಂಟು. ಅಪ್ಪ ಅಟ್ಟದಲ್ಲಿ ತೂಗುಹಾಕಿದ್ದ ಹಳೇ ಗೂಡು ಇಳಿಸಿ ನೋಡಿದೆ. ಅದರಲ್ಲಿ ಮುಕ್ಕಾಲು ಭತ್ತದ ಎಲೆ, ಇನ್ನೂ ಮೆತ್ತಗೆ ಬಾಗುತ್ತಿತ್ತು. ಗದ್ದೆ ಹೋದದ್ದು ಗೂಡಿನೊಳಗೇ ಬರೆದಿತ್ತು ಅಲ್ವಾ! ನನಗೆ ಅವತ್ತು ಊಟ ಸೇರಲಿಲ್ಲ.

ಅದಕ್ಕೇ ಹಕ್ಕಿಯ ಜೊತೆ ಜಾಗದ ಸುದ್ದಿಯೂ ಇರಲಿ. ಏಣೆಲು, ಅಂದರೆ ಮಳೆಗಾಲದ ಭತ್ತದ ನಾಟಿ ಆಯ್ತಾ, ಯಾವ ವಾರ? ಗದ್ದೆಗೆ ಕೆಂಪು ಮಣ್ಣು ತುಂಬಿಸಿದರಾ? ಔಷಧಿ ಹೊಡೆದರಾ? ಗೀಜಗ ಕಾಳು ತಿನ್ನುವ ಹಕ್ಕಿಯಾದರೂ ಮರಿಗೆ ಹುಳ ಬೇಕು, ಹಾಗಾಗಿ ಔಷಧಿಯ ದಿನ ತಪ್ಪದೆ ಬರೆಯಿರಿ. ಲೆಕ್ಕವನ್ನು ಹಕ್ಕಿ ನೋಡುವವರ ಇ-ಬರ್ಡ್ ಆ್ಯಪ್‌ಗೂ ಹಾಕಿ, ಬೇರೆಯವರಿಗೂ ಸಿಗುತ್ತದೆ.

ಈ ಸಲ ಬಾವಿಯ ಪಕ್ಕ ಎರಡು ಸೆಂಟ್ಸ್‌ನಲ್ಲಿ ಭತ್ತ ಬಿತ್ತಿದ್ದೇನೆ. ಆಗಸ್ಟ್‌ನಲ್ಲಿ ಗೂಡು ಬಿದ್ದರೆ ಮತ್ತೆ ಪೇಪರ್ ಹಾಸಿ ಕೂರುತ್ತೇನೆ.