‘ಫ್ರೀಕ್ ಔಟ್!’: ಯಾವ ಪ್ರತಿಯನ್ನು ಆರಿಸಬೇಕು, ಹೇಗೆ ಕೇಳಬೇಕು

ಅಮೆರಿಕದ ‘ಮದರ್ಸ್ ಆಫ್ ಇನ್ವೆನ್ಷನ್’ ರಾಕ್ ತಂಡದ ಮೊದಲ ಆಲ್ಬಂ ‘ಫ್ರೀಕ್ ಔಟ್!’ 1966ರ ಜೂನ್ 27ರಂದು ವರ್ವ್ ಕಂಪನಿಯಿಂದ ಜೋಡಿ ಎಲ್‌ಪಿಯಾಗಿ, ಅಂದರೆ ಎರಡು ಗ್ರಾಮಫೋನ್ ತಟ್ಟೆಗಳಾಗಿ, ಹೊರಬಂತು. ಇದನ್ನು ಮೊದಲ ಸಲ ಕೇಳಲು ಹೊರಟವರು ಬಹುಮಟ್ಟಿಗೆ ಎರಡು ಕಡೆ ಎಡವುತ್ತಾರೆ. ಕೈಗೆ ಸಿಕ್ಕ ಪ್ರತಿಯನ್ನೇ ಮೂಲವೆಂದು ನಂಬುವುದು ಒಂದು. ಕಾನ್ಸೆಪ್ಟ್ ಆಲ್ಬಂ (ಹಾಡುಗಳೆಲ್ಲ ಒಂದೇ ಪರಿಕಲ್ಪನೆಗೆ ಹೆಣೆದುಕೊಂಡಿರುವ ಆಲ್ಬಂ) ಎಂಬ ಹೆಸರು ಕೇಳಿ ಅದರಲ್ಲೊಂದು ಕಥೆಯನ್ನು ಹುಡುಕುತ್ತ ಕುಳಿತು, ಕೊನೆಗೆ ಏನೂ ಸಿಗಲಿಲ್ಲವೆಂದು ಎದ್ದುಬಿಡುವುದು ಇನ್ನೊಂದು. ಈ ಎರಡನ್ನೂ ತಪ್ಪಿಸಿಕೊಳ್ಳುವುದು ಕಷ್ಟವಲ್ಲ.

ಕಥೆಯ ಆಸೆಯನ್ನು ಮೊದಲೇ ಬಿಡುವುದು ಒಳ್ಳೆಯದು. ಇಲ್ಲಿ ನಾಯಕನಿಲ್ಲ, ಘಟನೆಗಳ ಸರಣಿಯೂ ಇಲ್ಲ. ಅಂದಿನ ಅಮೆರಿಕದ ಶಾಲೆ, ದೂರದರ್ಶನ, ಹದಿಹರೆಯದ ಪ್ರೇಮಗೀತೆ, ಪೊಲೀಸು, ಸಂಗೀತದ ಮಾರುಕಟ್ಟೆ, ಇವೆಲ್ಲವನ್ನೂ ಒಂದೇ ವ್ಯಂಗ್ಯದ ಕಣ್ಣಿನಿಂದ ನೋಡುವುದೇ ಈ ಆಲ್ಬಮ್ಮಿನ ಪರಿಕಲ್ಪನೆ. ತಂಡವನ್ನು ಮುನ್ನಡೆಸುತ್ತಿದ್ದ, ಹಾಡುಗಳನ್ನು ಬರೆದ ಫ್ರ್ಯಾಂಕ್ ಜಾಪಾಗೆ ಆಗ ಇಪ್ಪತ್ತೈದು ವರ್ಷ. ಒಂದೊಂದು ಹಾಡಿಗೂ ಇಡೀ ವ್ಯಂಗ್ಯದೊಳಗೆ ಒಂದು ಕೆಲಸವಿದೆ ಎಂಬುದು ಅವರ ನಿಲುವು. ಆದ್ದರಿಂದ ‘ಮುಂದೇನಾಯಿತು’ ಎಂದು ಕೇಳುವ ಬದಲು ‘ಈ ಹಾಡು ಯಾವುದನ್ನು ಅಣಕಿಸುತ್ತಿದೆ’ ಎಂದು ಕೇಳಿಕೊಂಡರೆ ದಾರಿ ಸಲೀಸಾಗುತ್ತದೆ.

ಇನ್ನು ಪ್ರತಿಯ ಆಯ್ಕೆ. ಹೊದಿಕೆಯ ಚಿತ್ರ ಎಲ್ಲ ಮುದ್ರಣಗಳಲ್ಲೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅದನ್ನು ನೋಡಿ ಏನನ್ನೂ ತೀರ್ಮಾನಿಸಲಾಗದು. ಹಿಂದಿರುವ ಮಾಸ್ಟರ್, ಅಂದರೆ ಪ್ರತಿಗಳನ್ನು ತೆಗೆಯಲು ಬಳಸಿದ ಮೂಲ ಧ್ವನಿಮುದ್ರಣ, ಯಾವುದು ಎಂಬುದನ್ನು ಕೇಳಬೇಕು. 1966ರ ಅಮೆರಿಕದ ಮೂಲ ಮುದ್ರಣ ಎರಡು ಬಗೆಯದು: ಮಾನೊ ಪ್ರತಿಯ ಸಂಖ್ಯೆ ವಿ-5005-2, ಸ್ಟೀರಿಯೊ ಪ್ರತಿಯದು ವಿ6-5005-2. ಹಳೆಯ ಪ್ರತಿಯನ್ನು ಕೊಳ್ಳುವವರು ಮಡಚುವ ಹೊದಿಕೆಯ ಒಳಭಾಗವನ್ನು ತೆರೆದು ನೋಡಬೇಕು. ಲಾಸ್ ಏಂಜಲೀಸ್ ನಗರದ ‘ಫ್ರೀಕ್ ಔಟ್’ ತಾಣಗಳ ನಕ್ಷೆ ಬೇಕಾದವರು ಒಂದು ಡಾಲರ್ ಕಳಿಸಿ ತರಿಸಿಕೊಳ್ಳಬಹುದೆಂಬ ಜಾಹೀರಾತು ಅಲ್ಲಿದ್ದರೆ ಅದು ಮೊದಮೊದಲ ಮುದ್ರಣ. ಮುಂದಿನ ಮುದ್ರಣಗಳಲ್ಲಿ ಆ ಜಾಹೀರಾತನ್ನು ತೆಗೆದುಹಾಕಲಾಯಿತು. ಆದರೆ ಕೇಳುವುದಷ್ಟೇ ಉದ್ದೇಶವಾಗಿದ್ದರೆ ಈ ಹಳೆಯ ಪ್ರತಿಗಳ ಬೆನ್ನು ಹತ್ತುವ ಅಗತ್ಯವಿಲ್ಲ. ಗೀರು ಬಿದ್ದ ತಟ್ಟೆಯ ಚಟಪಟ ಸದ್ದಿಗೆ ದುಬಾರಿ ಬೆಲೆ ತೆರುವುದು ಸಂಗ್ರಾಹಕರ ಖಯಾಲಿ. ಅದಕ್ಕೂ ಸಂಗೀತಕ್ಕೂ ಸಂಬಂಧ ಕಡಿಮೆ.

ಬ್ರಿಟನ್ನಿನಲ್ಲಿ 1967ರಲ್ಲಿ ಬಂದ ಮೊದಲ ಮುದ್ರಣದ ವಿಷಯದಲ್ಲಿ ಮಾತ್ರ ಎಚ್ಚರವಾಗಿರಬೇಕು. ಅಲ್ಲಿ ಎರಡು ತಟ್ಟೆಗಳ ಆಲ್ಬಮ್ಮನ್ನು ಕತ್ತರಿಸಿ ಒಂದೇ ತಟ್ಟೆಗೆ ಇಳಿಸಿದ್ದರು. ನಾಲ್ಕು ಬದಿಗಳಲ್ಲಿ ಹಂತಹಂತವಾಗಿ ಬಿಗಿಯಾಗುವ ರಚನೆಯನ್ನು ಎರಡು ಬದಿಗೆ ತುರುಕಿದಾಗ ಉಳಿಯುವುದು ಹಾಡುಗಳ ಗೊಂಚಲು ಮಾತ್ರ. ಮೊದಲ ಆಲಿಕೆಗೆ ಅದು ಬೇಡ.

ಸಿ.ಡಿ.ಗಳ ವಿಷಯ ಸ್ವಲ್ಪ ಗೋಜಲಿನದು. ಇಡೀ ಆಲ್ಬಂ ಸುಮಾರು ಒಂದು ಗಂಟೆಯದಾದ್ದರಿಂದ ಅದು ಒಂದೇ ಸಿ.ಡಿ.ಯಲ್ಲಿ ಹಿಡಿಸುತ್ತದೆ. 1987ರಲ್ಲಿ ರೈಕೊಡಿಸ್ಕ್ ಕಂಪನಿಯ ಮೂಲಕ ಬಂದ ಸಿ.ಡಿ.ಗೆ ಜಾಪಾ ತಾವೇ ಡಿಜಿಟಲ್ ಮಾಸ್ಟರ್ ಸಿದ್ಧಪಡಿಸಿದರು. ಆಗ ಮೂಲದಲ್ಲಿಲ್ಲದ ಅನುರಣನವನ್ನು, ಅಂದರೆ ರಿವರ್ಬನ್ನು, ಸೇರಿಸಿದರು. ಒಣದಾಗಿ, ಹತ್ತಿರದಿಂದ ಕೇಳಿಸುತ್ತಿದ್ದ ದನಿ ಸಭಾಂಗಣದೊಳಗಿಂದ ಬಂದಂತೆ ತುಸು ಹರಡಿಕೊಂಡಿತು. 1995ರ ಮರುಮುದ್ರಣವಾಗಲಿ 2012ರದಾಗಲಿ ಈ ಸಾಲಿಗೇ ಸೇರುತ್ತದೆ. ಕರ್ತೃವೇ ಮಾಡಿದ ಬದಲಾವಣೆಯಾದ್ದರಿಂದ ಅದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಆದರೆ 1966ರಲ್ಲಿ ಜನ ಕೇಳಿದ್ದು ಅದನ್ನಲ್ಲ. ಮೂಲ ಸ್ಟೀರಿಯೊ ಮಿಶ್ರಣವನ್ನೇ ಕೇಳಬೇಕೆನ್ನುವವರಿಗೆ ಎರಡು ಸುಲಭ ದಾರಿಗಳಿವೆ: 2006ರ ಡಿಸೆಂಬರಿನಲ್ಲಿ ಆಲ್ಬಮ್ಮಿನ ನಲವತ್ತನೇ ವರ್ಷಕ್ಕೆ ಬಂದ ‘ಮೋಫೊ’ ಸಂಪುಟದ ಮೊದಲ ಸಿ.ಡಿ., ಇಲ್ಲವೇ ಮೂಲ ಅನಲಾಗ್ ಟೇಪಿನಿಂದ ಸಿದ್ಧವಾದ 2013ರ ಎಲ್‌ಪಿ. ನನ್ನ ಸಲಹೆ ಇವೆರಡರಲ್ಲಿ ಒಂದು. ಹಾಡುಗಳ ಎಣಿಕೆ ಒಂದು ಕಡೆ 14, ಇನ್ನೊಂದು ಕಡೆ 15 ಎಂದು ಕಂಡರೆ ಗಾಬರಿಯಾಗಬೇಕಿಲ್ಲ. ‘ಹೆಲ್ಪ್, ಐ ಆಮ್ ಎ ರಾಕ್’ ಎಂಬ ಮೂರು ಭಾಗಗಳ ರಚನೆಯ ಕೊನೆಯ ಭಾಗವನ್ನು ಸಿ.ಡಿ.ಗಳಲ್ಲಿ ಬೇರೆ ಹಾಡೆಂದು ಎಣಿಸಿರುವುದೇ ಅದಕ್ಕೆ ಕಾರಣ.

ಪ್ರತಿ ಯಾವುದೇ ಇರಲಿ, ನಾಲ್ಕು ಬದಿಗಳ ಲೆಕ್ಕದಲ್ಲೇ ಕೇಳಬೇಕು. ಸಿ.ಡಿ.ಯಲ್ಲಿ ಕೇಳುವವರು ಆರನೆಯ ಹಾಡಿನ ನಂತರ ಒಮ್ಮೆ, ಹನ್ನೊಂದನೆಯ ಹಾಡಿನ ನಂತರ ಇನ್ನೊಮ್ಮೆ, ಕೊನೆಯ ರಚನೆಗೆ ಮೊದಲು ಮತ್ತೊಮ್ಮೆ ನಿಲ್ಲಿಸಿದರೆ ಎಲ್‌ಪಿಯ ಬದಿಗಳೇ ಸಿಗುತ್ತವೆ. ತಟ್ಟೆ ತಿರುಗಿಸಲು ಏಳುವ ಆ ಬಿಡುವು ಈ ಆಲ್ಬಮ್ಮಿಗೆ ಬೇಕೇಬೇಕು.

ಮೊದಲೆರಡು ಬದಿಗಳು ಮೇಲ್ನೋಟಕ್ಕೆ ಸಾಮಾನ್ಯ ಪಾಪ್ ಹಾಡುಗಳು. 1950ರ ದಶಕದ ಡೂ-ವಾಪ್ ಶೈಲಿಯ ಮೇಳಗಾಯನ, ಅಳುಮುಂಜಿ ಪ್ರೇಮಗೀತೆ, ಗಿಟಾರಿನ ಅಬ್ಬರ ಎಲ್ಲವೂ ಅಲ್ಲಿವೆ. ತಂಡದ ಗಾಯಕ ರೇ ಕಾಲಿನ್ಸ್ ಇವನ್ನು ಎಷ್ಟು ತನ್ಮಯರಾಗಿ ಹಾಡುತ್ತಾರೆಂದರೆ ಅಣಕವೆಲ್ಲಿ, ಅಕ್ಕರೆಯೆಲ್ಲಿ ಎಂದು ಬೇರ್ಪಡಿಸುವುದು ಕಷ್ಟ. ಜಾಪಾಗೆ ಆ ಹಳೆಯ ಶೈಲಿಯ ಮೇಲೆ ನಿಜವಾದ ಪ್ರೀತಿಯೂ ಇತ್ತು. ಎರಡನೆಯ ಸಲ ಕೇಳುವಾಗ ಗಮನವನ್ನು ಹಾಡಿನಿಂದ ಹಿಮ್ಮೇಳಕ್ಕೆ ಸರಿಸಿ. ತಂಡದವರಲ್ಲದೆ ಹೊರಗಿನ ವಾದಕರ ದೊಡ್ಡ ಗುಂಪೊಂದನ್ನು ಕರೆಸಿ, ಅವರಿಗೆ ಸ್ವರಲಿಪಿ ಬರೆದುಕೊಟ್ಟು ನುಡಿಸಲಾಗಿದೆ. ಸರಳ ಪ್ರೇಮಗೀತೆಯೊಂದರ ಅಡಿಯಲ್ಲಿ ವಾದ್ಯಗಳು ಏನೆಲ್ಲ ಚೇಷ್ಟೆ ಮಾಡುತ್ತಿವೆ ಎಂಬುದು ಆಗ ಕಿವಿಗೆ ಬೀಳುತ್ತದೆ.

ಮೊದಲ ಬದಿಯ ಮೂರನೆಯ ಹಾಡು ‘ಹೂ ಆರ್ ದ ಬ್ರೇನ್ ಪೊಲೀಸ್?’ ಮಾತ್ರ ಈ ಸಾಮಾನ್ಯ ಪಾಪ್ ಹಾಡುಗಳ ನಡುವೆ ಅಪವಾದ. 1966ರ ಮಾರ್ಚಿನಲ್ಲಿ ಹಾಲಿವುಡ್‌ನ ಟಿ.ಟಿ.ಜಿ. ಸ್ಟುಡಿಯೋದಲ್ಲಿ ಧ್ವನಿಮುದ್ರಣ ಶುರುವಾದಾಗ ನಿರ್ಮಾಪಕ ಟಾಮ್ ವಿಲ್ಸನ್ ಅವರಿಗೆ ತಾವು ಕರೆತಂದದ್ದು ಎಂಥ ತಂಡ ಎಂಬ ಪೂರ್ಣ ಅರಿವಿರಲಿಲ್ಲ. ‘ವಿಸ್ಕಿ ಎ ಗೋ ಗೋ’ ಕ್ಲಬ್ಬಿನಲ್ಲಿ ಒಂದೇ ಒಂದು ಹಾಡು ಕೇಳಿ, ಇದು ಬಿಳಿಯರ ಬ್ಲೂಸ್ ತಂಡವೆಂದು ಭಾವಿಸಿ ಅವರು ಒಪ್ಪಂದ ಮಾಡಿಸಿದ್ದರು. ಜಾಪಾ ಹೇಳಿಕೊಂಡಂತೆ, ಮೊದಲು ಮುದ್ರಿಸಿದ ಹಾಡು ಸಾಧುವಾಗಿಯೇ ಇತ್ತು. ಎರಡನೆಯದಾಗಿ ಈ ಹಾಡು ಮೊಳಗಿದ ಕೂಡಲೇ ವಿಲ್ಸನ್ ನ್ಯೂಯಾರ್ಕಿಗೆ ಫೋನ್ ಹಚ್ಚಿದರಂತೆ. ಆದರೂ ಅವರು ಹಿಂಜರಿಯದೆ ಹೆಚ್ಚಿನ ಹಣಕ್ಕಾಗಿ ಕಂಪನಿಯನ್ನು ಒಪ್ಪಿಸಿದರು. ಬಾಬ್ ಡಿಲನ್ ಅವರ ಆಲ್ಬಮ್ಮುಗಳಿಗೆ ಕೆಲಸ ಮಾಡಿದ್ದ ಆ ಕಪ್ಪುವರ್ಣೀಯ ನಿರ್ಮಾಪಕರಿಗೆ ಸಲ್ಲಬೇಕಾದಷ್ಟು ಶ್ರೇಯಸ್ಸು ಇನ್ನೂ ಸಂದಿಲ್ಲವೆಂದೇ ನನ್ನ ಎಣಿಕೆ.

ವಿಲ್ಸನ್ ಅಂದು ಕ್ಲಬ್ಬಿನಲ್ಲಿ ಕೇಳಿದ ಹಾಡು ‘ಟ್ರಬಲ್ ಎವ್ರಿ ಡೇ’ ಮೂರನೆಯ ಬದಿಯ ಮೊದಲಲ್ಲಿದೆ. 1965ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸಿನ ವಾಟ್ಸ್ ಪ್ರದೇಶದಲ್ಲಿ 34 ಮಂದಿಯ ಸಾವಿಗೆ ಕಾರಣವಾದ ಗಲಭೆಯನ್ನು ದೂರದರ್ಶನದಲ್ಲಿ ನೋಡುತ್ತ ಜಾಪಾ ಇದನ್ನು ಬರೆದರು. ಇದನ್ನು ಕೇಳುವಾಗ ಸಾಹಿತ್ಯವನ್ನು ಎದುರಿಗಿಟ್ಟುಕೊಳ್ಳಲೇಬೇಕು. ಸಿಟ್ಟು ಗಲಭೆಯ ಮೇಲಷ್ಟೇ ಅಲ್ಲ, ಹೆಣ ಬೀಳುವುದನ್ನೇ ಕಾದು ಕುಳಿತ ಸುದ್ದಿವಾಹಿನಿಗಳ ಪೈಪೋಟಿಯ ಮೇಲೂ ಇದೆ. ಇಡೀ ಆಲ್ಬಮ್ಮಿನಲ್ಲಿ ನಗೆಯ ಮುಖವಾಡ ಪೂರ್ತಿ ಕಳಚುವ ಜಾಗ ಇದೊಂದೇ. ಮರುಗಳಿಗೆಯಲ್ಲೇ ‘ಹೆಲ್ಪ್, ಐ ಆಮ್ ಎ ರಾಕ್’ ಬರುತ್ತದೆ. ಹಾಡು ಗೊಣಗಾಟವಾಗಿ, ಕೂಗಾಗಿ, ವಾದ್ಯವಿಲ್ಲದ ಬಾಯಿಮಾತಿನ ಆಟವಾಗಿ ಬಿಚ್ಚಿಕೊಳ್ಳುತ್ತದೆ. ಅದರ ನಡುವಿನ ಭಾಗ ಸಂಯೋಜಕ ಎಡ್ಗರ್ ವರೇಸ್ ಅವರ ಸ್ಮರಣೆಗೆ ಅರ್ಪಿತ. ವರೇಸ್ 1965ರ ನವೆಂಬರಿನಲ್ಲಷ್ಟೇ ತೀರಿಕೊಂಡಿದ್ದರು.

ನಾಲ್ಕನೆಯ ಬದಿಯನ್ನು ತುಂಬಿರುವ ‘ದ ರಿಟರ್ನ್ ಆಫ್ ದ ಸನ್ ಆಫ್ ಮಾನ್‌ಸ್ಟರ್ ಮ್ಯಾಗ್ನೆಟ್’ ಹನ್ನೆರಡು ನಿಮಿಷಗಳಿಗೂ ಮೀರಿದ್ದು. ಬಹಳ ಜನ ಕೈಬಿಡುವುದು ಇಲ್ಲೇ. ಬಾಡಿಗೆಗೆ ತಂದ ತಾಳವಾದ್ಯಗಳನ್ನು ನಡುರಾತ್ರಿಯ ಹೊತ್ತಿನಲ್ಲಿ ಜನರ ಗುಂಪೊಂದಕ್ಕೆ ಒಪ್ಪಿಸಿ ಮುದ್ರಿಸಿದ ರಚನೆ ಇದು. ಇದಕ್ಕೆ ‘ಅಪೂರ್ಣ ಬ್ಯಾಲೆ’ ಎಂಬ ಉಪಶೀರ್ಷಿಕೆಯಿದೆ, ಮತ್ತು ಅದು ಬರಿಯ ತಮಾಷೆಯಲ್ಲ: ತಾಳದ ಪದರ ಮಾತ್ರ ಮುಗಿದಿದ್ದಾಗ ಮೇಲಿನದನ್ನು ಕಟ್ಟಲು ಕಂಪನಿ ಸಮಯ ಕೊಡಲಿಲ್ಲ ಎಂದು ಜಾಪಾ ದೂರಿದ್ದರು. ಹಾಗಾಗಿ ಇದನ್ನು ಮುಗಿದ ಕೃತಿಯೆಂದು ತೂಗದೆ, ಗೋಡೆ ಏಳದ ಮನೆಯ ಅಡಿಪಾಯವನ್ನು ನೋಡುವಂತೆ ಕೇಳಬೇಕು. ಆರಂಭದಲ್ಲಿ ಸೂಜಿ ಕ್ರೀಮ್‌ಚೀಸ್ ಎಂಬ ಹುಡುಗಿಯನ್ನು ಅವಳ ಅಂತಃಸಾಕ್ಷಿಯೆಂದು ಹೇಳಿಕೊಳ್ಳುವ ದನಿಯೊಂದು ಮಾತಾಡಿಸುತ್ತದೆ. ಈಕೆ ಯಾರೆಂದು ತಿಳಿಯಲು ಹೊದಿಕೆಯ ಹಿಂಬದಿಯನ್ನು ಓದಬೇಕು. ಸಾಲ್ಟ್ ಲೇಕ್ ಸಿಟಿಯಿಂದ ಅವಳು ಬರೆದಳೆನ್ನಲಾದ, ತಂಡವನ್ನು ಮನಸಾರೆ ಬೈದಿರುವ ಕಲ್ಪಿತ ಪತ್ರ ಅಲ್ಲಿದೆ.

ಈ ಆಲ್ಬಮ್ಮಿನಲ್ಲಿ ಹೊದಿಕೆಯೂ ರಚನೆಯ ಭಾಗವೇ ಆದ್ದರಿಂದ ಕಡತವಾಗಿ ಇಳಿಸಿಕೊಂಡು ಕೇಳುವವರು ಅದರ ಚಿತ್ರಗಳನ್ನಾದರೂ ಹುಡುಕಿ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಬೇಕು. ಒಂದೊಂದು ಹಾಡಿಗೂ ಜಾಪಾ ಬರೆದ ಚುಟುಕು ಟಿಪ್ಪಣಿ ಅದರಲ್ಲಿದೆ.

ಇಷ್ಟು ಕೇಳಿದ ಮೇಲೆ ‘ಮೋಫೊ’ದ ಉಳಿದ ಸಿ.ಡಿ.ಗಳಿಗೆ ಹೋಗಬಹುದು, ಮೊದಲೇ ಹೋದರೆ ಗೊಂದಲ ಖಂಡಿತ. ಅದು ಎರಡು ಸಿ.ಡಿ.ಗಳ ಮತ್ತು ನಾಲ್ಕು ಸಿ.ಡಿ.ಗಳ ಎರಡು ರೂಪಗಳಲ್ಲಿ ಬಂದಿದೆ. ಗಾಯನ ಸೇರುವ ಮುಂಚಿನ ವಾದ್ಯದ ಪದರಗಳು, ಸ್ಟುಡಿಯೋದ ನಡುನಡುವಿನ ಮಾತುಕತೆ ಅದರಲ್ಲಿ ಸಿಗುತ್ತವೆ. ‘ಹೂ ಆರ್ ದ ಬ್ರೇನ್ ಪೊಲೀಸ್?’ ಹಾಡಿನ ಬರಿಯ ವಾದ್ಯದ ಪದರವನ್ನು ಮೊದಲು ಹಾಕಿಕೊಂಡು, ಆಮೇಲೆ ಪೂರ್ಣ ಹಾಡಿಗೆ ಮರಳಿ.