ಆನ್‌ಲೈನ್ ಅಂಗಡಿಗೆ ‘ಕಿರಿಕ್’ ಹೆಸರು ಇಡೋದಾದರೆ

ದಾವಣಗೆರೆಯಲ್ಲಿ ಲೇಬಲ್, ಪೌಚ್ ಡಿಸೈನ್ ಮಾಡುವುದು ನನ್ನ ಕಸುಬು. ನನ್ನ ಗಿರಾಕಿಗಳು ಹೆಚ್ಚಾಗಿ ಮನೆಯಲ್ಲೇ ಚಟ್ನಿಪುಡಿ, ಉಪ್ಪಿನಕಾಯಿ, ಖಡಕ್ ರೊಟ್ಟಿ ಮಾಡಿ ಇನ್‌ಸ್ಟಾಗ್ರಾಂ, ವಾಟ್ಸಾಪ್‌ನಲ್ಲಿ ಮಾರುವವರು. ಮೊದಲೆಲ್ಲ ಮನೆದೇವರ ಹೆಸರು ಇಡುತ್ತಿದ್ದರು, ಇಲ್ಲವೇ ಮಗಳ ಹೆಸರು. ಈಗ ಬರುವವರು ‘ಸ್ವಲ್ಪ ಕಿರಿಕ್ ಇರಲಿ, ಜನ ತಿರುಗಿ ನೋಡ್ಬೇಕು’ ಅನ್ನುತ್ತಾರೆ. ನನಗೂ ಅದು ಇಷ್ಟವೇ. ‘ಅಮ್ಮನ ಕೈರುಚಿ’ ಅಂತ ಹುಡುಕಿ ನೋಡಿ, ಬರುವ ರಾಶಿಯಲ್ಲಿ ನಿಮ್ಮ ಅಂಗಡಿ ನಿಮಗೇ ಸಿಗುವುದಿಲ್ಲ.

ಅಂಥ ಹೆಸರು ತಂದವರಿಗೆ ನಾನು ಮೊದಲು ಕೇಳುವುದು ಒಂದೇ: ಇದು ಯಾರ ಕಾಲೆಳೆಯುತ್ತದೆ?

ನಿಮ್ಮ ಕಾಲನ್ನೇ ಎಳೆದುಕೊಂಡರೆ ತೊಂದರೆ ಕಡಿಮೆ. ಕೊಳ್ಳುವವರ ಕಾಲನ್ನೂ ಸಲುಗೆಯಿಂದ ಎಳೆಯಬಹುದು. ಮುಂಬೈಯಲ್ಲಿ 2012ರಲ್ಲಿ ಶುರುವಾದ ಬಟ್ಟೆ ಕಂಪನಿಯ ಹೆಸರು ‘ಬೇವಕೂಫ್’, ಅಂದರೆ ದಡ್ಡ. ಹುಡುಗರು ನಗುತ್ತಲೇ ಅದರ ಟೀ ಶರ್ಟ್ ತರಿಸಿ ಹಾಕಿಕೊಂಡರು. ಅಮೆರಿಕದ ‘ಲಿಕ್ವಿಡ್ ಡೆತ್’ ಇನ್ನೂ ತಮಾಷೆ. ಹೆಸರಲ್ಲಿ ಸಾವು, ಕ್ಯಾನಿನ ಮೇಲೆ ತಲೆಬುರುಡೆ, ಒಳಗೆ ಬರೀ ಕುಡಿಯುವ ನೀರು. ಅಲ್ಲಿ ಗೇಲಿಗೆ ಸಿಕ್ಕಿರುವುದು ಮಾರುವ ಸರಕೇ ಹೊರತು ಯಾವ ಮನುಷ್ಯನೂ ಅಲ್ಲ. ನಮ್ಮ ಕಡೆ ‘ಸೋಂಬೇರಿ ಸಾರಿನಪುಡಿ’ ಅಂತ ಯಾರಾದರೂ ತಂದರೆ ನಾನು ಖುಷಿಯಿಂದ ಡಿಸೈನ್ ಮಾಡಿಕೊಡುತ್ತೇನೆ. ಅಡುಗೆಗೆ ಬೇಜಾರು ಪಡುವವರೆಲ್ಲ ‘ಇದು ನಂದೇ’ ಅಂತ ಕೊಳ್ಳುತ್ತಾರೆ.

ಪಕ್ಕದಲ್ಲಿ ಸುಮ್ಮನೆ ನಿಂತವರ ಕಾಲೆಳೆಯುವ ಹೆಸರು ಬೇಡ. ಜಾತಿ, ಮೈಬಣ್ಣ, ಅಂಗವೈಕಲ್ಯ, ವಿಧವೆಯರು, ಯಾವುದೋ ಊರಿನವರ ಮಾತಿನ ಧಾಟಿ, ಇದರಲ್ಲಿ ಯಾವುದೇ ಇದ್ದರೂ ಕೈಬಿಡಿ. ಇಲ್ಲಿ ನಮ್ಮ ಬೈಗುಳಗಳ ಬಗ್ಗೆ ಹುಷಾರಾಗಿರಬೇಕು. ಮೈಸೂರು ಕಡೆ ‘ಮುಂಡೇದು’ ಅಂತ ಮುದ್ದಿನಿಂದಲೂ ಕರೆಯುತ್ತಾರೆ. ಆದರೆ ಅದನ್ನು ಡಬ್ಬಿಯ ಮೇಲೆ ಅಚ್ಚು ಹಾಕಿಸಿದರೆ ಮುದ್ದು ಹೋಗಿ ಬೈಗುಳ ಮಾತ್ರ ಉಳಿಯುತ್ತದೆ. ಹುಬ್ಬಳ್ಳಿಯವರ ‘ಮಂಗ್ಯಾ’ ಪರವಾಗಿಲ್ಲ ಅಂತ ನನ್ನ ಲೆಕ್ಕ, ಕೋತಿಗಳೇನೂ ದೂರು ಕೊಡಲ್ಲ. ಜಾತಿ ಹೆಸರಿಗೆ ಮಾತ್ರ ನಾನು ಡಿಸೈನ್ ಮಾಡುವುದೇ ಇಲ್ಲ. ಬೆಂಗಳೂರಿನಲ್ಲಿ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಇದೆಯಲ್ಲ ಅಂತ ಕೇಳುತ್ತಾರೆ. ಇದೆ. ಆ ಕಾಲದಲ್ಲಿ ಇಟ್ಟ ಹೆಸರಿಗೆ ಸಿಕ್ಕ ರಿಯಾಯಿತಿ ಇವತ್ತು ಹೊಸ ಪೇಜ್ ತೆರೆದವರಿಗೆ ಸಿಗುವುದಿಲ್ಲ. ಸಿಗಲೂ ಬೇಡ.

ದೇವರ ಹೆಸರಿಟ್ಟು ತಮಾಷೆ ಮಾಡುವ ಆಸೆ ಇದ್ದರೆ ಕಾನೂನನ್ನೂ ನೋಡಿಕೊಳ್ಳಿ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಯಾರದೇ ಧಾರ್ಮಿಕ ಭಾವನೆಗೆ ನೋವಾಗುವಂಥ ಹೆಸರಿಗೂ, ಅಶ್ಲೀಲ ಹೆಸರಿಗೂ ನೋಂದಣಿ ಇಲ್ಲ. ಭಕ್ತಿಯಿಂದಲೇ ಇಟ್ಟರೂ ಸಿಕ್ಕಿಕೊಳ್ಳಬಹುದು. ಅಗರಬತ್ತಿಗೆ ‘ರಾಮಾಯಣ’ ಅನ್ನುವ ಒಂದೇ ಪದವನ್ನು ತಮ್ಮದಾಗಿಸಿಕೊಳ್ಳಲು ಹೊರಟವರಿಗೆ 2015ರಲ್ಲಿ ಸುಪ್ರೀಂ ಕೋರ್ಟ್ ಆಗಲ್ಲ ಅಂದಿತು. ಬೈಗುಳದ ವಾಸನೆ ಇರುವ ಹೆಸರಿನ ಕಥೆ 2025ರ ಮಾರ್ಚ್‌ನದು. ನಮ್ಕೀನ್ ಮತ್ತು ಬಿಸ್ಕತ್ತಿಗೆ ‘ಚುತಿಯಾರಾಮ್’ ಅಂತ ಒಬ್ಬರು ಅರ್ಜಿ ಹಾಕಿದರು. ಟ್ರೇಡ್‌ಮಾರ್ಕ್ ಕಚೇರಿ ಒಪ್ಪಿ, ಒಪ್ಪಿದ ಹೆಸರುಗಳನ್ನು ಪ್ರಕಟಿಸುವ ತನ್ನ ಜರ್ನಲ್‌ನಲ್ಲೂ ಹಾಕಿತು. ಹಿಂದಿ ಬಲ್ಲವರು ನಗಲು, ಬೈಯಲು ಶುರು ಮಾಡಿದ ಮೇಲೆ ಕೆಲವೇ ದಿನಗಳಲ್ಲಿ ಆ ಒಪ್ಪಿಗೆಯನ್ನು ವಾಪಸ್ ಪಡೆಯಿತು. ಕಚೇರಿಯವರು ಒಮ್ಮೆ ಹೂಂ ಅಂದರು ಅಂತ ಪೌಚ್ ಪ್ರಿಂಟಿಗೆ ಕೊಡಬೇಡಿ.

ಸುದ್ದಿಯಲ್ಲಿರುವ ಪದವನ್ನು ಹಿಡಿದುಕೊಂಡು ಬರುವವರೂ ಇದ್ದಾರೆ. 2025ರ ಮೇ ತಿಂಗಳಲ್ಲಿ ‘ಆಪರೇಷನ್ ಸಿಂಧೂರ’ಕ್ಕೆ ರಿಲಯನ್ಸ್‌ನ ಜಿಯೋ ಸ್ಟುಡಿಯೋಸ್ ಟ್ರೇಡ್‌ಮಾರ್ಕ್ ಅರ್ಜಿ ಹಾಕಿ, ಜನ ಸಿಟ್ಟಾದಾಗ ಮರುದಿನವೇ ಹಿಂತೆಗೆದುಕೊಂಡಿತು. ಅಷ್ಟು ದೊಡ್ಡವರಿಗೇ ಜೀರ್ಣವಾಗದ್ದು ನಮಗೆ ಯಾಕೆ?

ಇನ್ನು ಕೆಲವು ಹೆಸರು ಇಟ್ಟಾಗ ತಣ್ಣಗೇ ಇರುತ್ತವೆ, ಆಮೇಲೆ ಕಾವೇರುತ್ತವೆ. ಕರಾಚಿ ಬೇಕರಿ ಹೈದರಾಬಾದಿನಲ್ಲಿ 1953ರಲ್ಲಿ ಶುರುವಾಯಿತು. ದೇಶ ವಿಭಜನೆಯಾದಾಗ ಎಲ್ಲ ಬಿಟ್ಟು ಬಂದ ಸಿಂಧಿ ಕುಟುಂಬದ್ದು ಅದು. ಆದರೂ 2019ರ ಫೆಬ್ರವರಿಯಲ್ಲಿ, ಪುಲ್ವಾಮಾ ದಾಳಿಯ ನಂತರ, ಬೆಂಗಳೂರಿನ ಇಂದಿರಾನಗರದ ಮಳಿಗೆಗೆ ಗುಂಪೊಂದು ನುಗ್ಗಿ ಬೋರ್ಡಿನಲ್ಲಿದ್ದ ‘ಕರಾಚಿ’ ಪದವನ್ನು ಮುಚ್ಚಿಸಿತು. ಅಮೆರಿಕದಲ್ಲಿ ಮೊಬೈಲ್ ಪಾವತಿಯ ಒಂದು ಆ್ಯಪ್‌ಗೆ ‘ಐಸಿಸ್’ ಅಂತ ಹೆಸರಿತ್ತು. ಉಗ್ರರ ಸಂಘಟನೆಗೂ ಅದೇ ಹೆಸರಾದಾಗ, 2014ರಲ್ಲಿ ‘ಸಾಫ್ಟ್‌ಕಾರ್ಡ್’ ಅಂತ ಬದಲಿಸಿಕೊಂಡರು. ಇದನ್ನೆಲ್ಲ ಮೊದಲೇ ಊಹಿಸಲು ಆಗುವುದಿಲ್ಲ. ಅದಕ್ಕೇ ಎರಡನೇ ಹೆಸರೊಂದನ್ನು ಆರಿಸಿ, ಅದರ ಡೊಮೇನ್ ಮತ್ತು ಇನ್‌ಸ್ಟಾಗ್ರಾಂ ಐಡಿ ಕೂಡ ತೆಗೆದಿಟ್ಟುಕೊಳ್ಳಿ ಅಂತ ನಾನು ಹೇಳುವುದು.

ಹೆಸರು ಇಷ್ಟನ್ನೂ ದಾಟಿ ಬಂತು ಅನ್ನಿ. ಈಗ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಬೇರೆಯವರಿಂದ ಓದಿಸಿ. ವೆಬ್‌ಸೈಟ್ ವಿಳಾಸದಲ್ಲಿ ‘ಕಲ್ಲು’ ಮತ್ತು ‘ಕಳ್ಳು’ ಎರಡೂ ಒಂದೇ. ಒರಳಲ್ಲಿ ರುಬ್ಬಿದ ಮಸಾಲೆ ಮಾರುವವರಿಗೆ ಹೆಂಡದ ಆರ್ಡರ್ ಬಂದರೆ ಏನು ಮಾಡ್ತೀರಿ? ‘ಹುಳಿ’ಯೂ ‘ಹುಲಿ’ಯೂ ಹಾಗೆಯೇ. ಪದಗಳ ನಡುವೆ ಜಾಗ ಬಿಡದೆ ಬರೆದಾಗ ಮಧ್ಯದಲ್ಲಿ ಬೇರೆ ಯಾವುದೋ ಪದ ಹುಟ್ಟುತ್ತದೆಯೇ ಅಂತಲೂ ನೋಡಿ. ತೆಲುಗು, ತಮಿಳು, ಹಿಂದಿ, ತುಳು, ಉರ್ದು ಮಾತಾಡುವ ಒಬ್ಬೊಬ್ಬರಿಗೆ ಕೇಳಿ. ದಾವಣಗೆರೆಯಲ್ಲಿ ಒಂದು ಬೀದಿ ಸುತ್ತಿದರೆ ಇವರಲ್ಲಿ ಅರ್ಧ ಜನ ಸಿಗುತ್ತಾರೆ.

ಆಮೇಲೆ ಜೋರಾಗಿ ಹೇಳಿಸಿ. ಕೊರಿಯರ್ ಹುಡುಗ ನಿಮ್ಮ ಗಿರಾಕಿಗೆ ಫೋನ್ ಮಾಡಿ ‘ಮೇಡಂ, ಇಂಥ ಕಡೆಯಿಂದ ಪಾರ್ಸಲ್ ಬಂದಿದೆ’ ಅನ್ನಬೇಕು. ಆಕೆ ಆಗ ಆಫೀಸಿನಲ್ಲೋ ಬಸ್ಸಿನಲ್ಲೋ ಇರುತ್ತಾರೆ. ಅವರಿಗೆ ಮುಜುಗರ ಆಗುವ ಹೆಸರಾದರೆ ಎರಡನೇ ಆರ್ಡರ್ ಬರುವುದಿಲ್ಲ. ಬೈಗುಳ ಇದ್ದರೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತು ತಿರಸ್ಕಾರ ಆಗುವ ಸಾಧ್ಯತೆಯೂ ಜಾಸ್ತಿ. ಒಂದು ಅಕ್ಷರದ ಜಾಗದಲ್ಲಿ ನಕ್ಷತ್ರ ಹಾಕಿದರೂ ಅಷ್ಟೇ.

ಟ್ರೇಡ್‌ಮಾರ್ಕ್ ಹುಡುಕಾಟ ಸರ್ಕಾರದ ವೆಬ್‌ಸೈಟ್‌ನಲ್ಲಿ ಉಚಿತ. ಉಚ್ಚಾರಣೆ ಹೋಲುವ ಹೆಸರುಗಳನ್ನೂ ಅಲ್ಲಿ ಹುಡುಕಬಹುದು, ಅದನ್ನು ಬಿಡಬೇಡಿ. ನೋಂದಣಿಗೆ ಸರಕುಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ: ಮಸಾಲೆಪುಡಿ 30ನೇ ವರ್ಗ, ಉಪ್ಪಿನಕಾಯಿ 29. ಒಬ್ಬರೇ ನಡೆಸುವ ಅಂಗಡಿಗೆ ಆನ್‌ಲೈನ್ ಅರ್ಜಿ ಶುಲ್ಕ ವರ್ಗಕ್ಕೆ 4,500 ರೂಪಾಯಿ. ಜರ್ನಲ್‌ನಲ್ಲಿ ಬಂದ ಮೇಲೆ ನಾಲ್ಕು ತಿಂಗಳು ಯಾರು ಬೇಕಾದರೂ ಆಕ್ಷೇಪ ಹಾಕಬಹುದು.

ಆ ನಾಲ್ಕು ತಿಂಗಳು ಮುಗಿಯುವವರೆಗೆ ಪ್ಲೇನ್ ಪೌಚ್ ತಂದು ಸ್ಟಿಕ್ಕರ್ ಅಂಟಿಸಿ ಮಾರಿ. ಪ್ರಿಂಟೆಡ್ ಪೌಚ್‌ಗೆ ಒಂದೊಂದು ಬಣ್ಣಕ್ಕೂ ಒಂದೊಂದು ಸಿಲಿಂಡರ್, ಅಂದರೆ ಅಚ್ಚಿನ ಉರುಳೆ, ಕೆತ್ತಿಸಬೇಕು, ಪೌಚ್ ಕೂಡ ರಾಶಿಗಟ್ಟಲೆ ತೆಗೆದುಕೊಳ್ಳಬೇಕು. ಹೆಸರು ಬದಲಾದರೆ ಅಷ್ಟೂ ಗುಜರಿಗೆ. ಪ್ರಿಂಟ್ ಹಾಕಿಸುವ ದಿನ ಬಂದಾಗಲೂ ಹೆಸರನ್ನು ತಿಳಿ ಹಿನ್ನೆಲೆಯ ಮೇಲೆ ಒಂದೇ ಗಾಢ ಬಣ್ಣದಲ್ಲಿ ಇಡಲು ಡಿಸೈನರ್‌ಗೆ ಹೇಳಿ. ಮುಂದೆ ಬದಲಿಸಬೇಕಾಗಿ ಬಂದರೆ ಆ ಒಂದು ಸಿಲಿಂಡರ್ ಮಾತ್ರ ಹೊಸದಾಗಿ ಮಾಡಿಸಿದರೆ ಸಾಕು.